ಖಾಕಿ ಬಟ್ಟೆಯ ಬಿರಡೆ

"ನಿನ್ನ ಭಾವನಿಗೆ ಈಜೋಕೇ ಬರಲ್ಲ ಕಣೋ!"

ಅಕ್ಕ ಬುತ್ತಿ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಕೂರಿಸಿದಳು. ಮುಚ್ಚಳ ಕೂತಿತು. ಅವಳ ಸಿಟ್ಟು ಕೂರಲಿಲ್ಲ.

"ಸ್ನಾನದ ತೊಟ್ಟಿ ಹತ್ರ ಹೋಗೋಕೂ ಗೋಡೆ ಹಿಡ್ಕೊಳ್ಳೋ ಜೀವ ಅದು. ಅಂಥವರು ಯಜಮಾನರನ್ನ ಕೆರೆಗೆ ತಳ್ಳಿದ್ರಂತೆ, ತಾವೂ ಇಳಿದು ಮುಳುಗಿಸಿದ್ರಂತೆ, ಆಮೇಲೆ ತೊಪ್ಪೆಯಾಗಿ ಎದ್ದು ಬಂದು ಕಾರಲ್ಲಿ ಕೂತ್ರಂತೆ. ಇದನ್ನ ನಂಬೋರು ಕಿವಿ ಮೇಲೆ ಹೂ ಇಟ್ಕೊಂಡಿರಬೇಕು!"

ಮೇಸ್ತ್ರಿ ಅಡುಗೆಮನೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕಾರುಗಳ ಎಸಿ ರಿಪೇರಿ ಅವನ ಕಸುಬು. ಊರಿಗೆಲ್ಲ ಅವನು ಎಸಿ ಮೇಸ್ತ್ರಿ. ನಲವತ್ತೆಂಟು ವಯಸ್ಸು, ಕೊಡಲಿಯಂಥ ಮಾತು, ಮೂಗಿನ ತುದಿಯಲ್ಲೇ ಸಿಟ್ಟು. ಅಂಥವನು ನಾಲ್ಕು ದಿನಗಳಿಂದ ಅಕ್ಕನ ಮುಂದೆ ಮಳೆಯಲ್ಲಿ ನೆನೆದ ಕೋಳಿಯಾಗಿದ್ದ.

ಗುರುವಾರ ಸಂಜೆ ಕಾರಿನಲ್ಲಿ ಹೊರಟ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು ಮನೆಗೆ ಮರಳಲಿಲ್ಲ. ಶುಕ್ರವಾರ ಬೆಳಿಗ್ಗೆ ಅವರ ಕಾರು ಕೆರೆಯ ದಂಡೆಯಲ್ಲಿ ಖಾಲಿ ನಿಂತಿತ್ತು. ಮಧ್ಯಾಹ್ನದೊಳಗೆ ಅವರ ಡ್ರೈವರನ್ನು, ಅಂದರೆ ಮೇಸ್ತ್ರಿಯ ಭಾವನನ್ನು, ಪೊಲೀಸರು ಹಿಡಿದು ಕೂರಿಸಿದ್ದರು. ಇವತ್ತು ಸೋಮವಾರ.

ಹಿಡಿಯಲು ಇದ್ದ ಕಾರಣ ನೀರು. ಡ್ರೈವರ್ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗ, ಒತ್ತಿದರೆ ನೀರು ಉಕ್ಕುವಷ್ಟು ನೆನೆದಿತ್ತು. ಭಾವ ಮನೆಯ ಬಾಗಿಲಲ್ಲಿ ಬಿಟ್ಟಿದ್ದ ಬೂಟುಗಳೂ ನೆನೆದಿದ್ದವು. ಎರಡು ಕಡೆಯ ನೀರನ್ನೂ ಕೂಡಿಸಿದರು, ಕೆರೆ ಎಂದರು.

"ಆರು ಗಂಟೆಗೆ ಯಜಮಾನ್ರು ಕೀ ಇಸ್ಕೊಂಡು, ನೀನು ಮನೆಗೆ ಹೋಗು, ನಾನೇ ಓಡಿಸ್ತೀನಿ ಅಂದ್ರಂತೆ. ಇವರು ಬಂದ್ರು. ಅಷ್ಟನ್ನ ಶುಕ್ರವಾರ ಹೇಳಿದ್ದೇ ಕೊನೆ, ಆಮೇಲೆ ತುಟಿ ಬಿಚ್ಚಿಲ್ಲ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನಾದ್ರೂ ಮಾತಾಡೋ. ಕಾರಿನ ಒಳಗೆ ನೀರು ಹೆಂಗೆ ಬರುತ್ತೆ ಅಂತ ನಿಂಗೆ ಗೊತ್ತಿರೋಷ್ಟು ಈ ಊರಲ್ಲಿ ಇನ್ಯಾರಿಗೆ ಗೊತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿ ಸರಕ್ಕನೆ ತಲೆ ಎತ್ತಿದ.

ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಕಿಟಕಿಯ ಪರದೆ ಕೆಳಗಿನವರೆಗೆ ಇಳಿದಿರಲಿಲ್ಲ. ಒಂದು ಗೇಣು ಮೇಲೆಯೇ ನಿಂತಿತ್ತು. ಹಸಿರು ಬಟ್ಟೆ, ಅದರ ಮೇಲೆ ಸಾಲುಸಾಲಾಗಿ ಬಿಳಿ ಹಕ್ಕಿಗಳು. ಹೋದ ವರ್ಷ ಅದಕ್ಕೆ ಸರಳು ಕೂರಿಸಿದವನು ಅವನೇ. ಈಗ ಕೆಳಸಾಲಿನ ಹಕ್ಕಿಗಳಿಗೆ ಕಾಲೇ ಇರಲಿಲ್ಲ.

"ಇದ್ಯಾಕೆ ಗಿಡ್ಡ ಆಯ್ತು?"

"ತುದೀನ ಇಲಿ ಕಡೀತು. ಕತ್ತರಿಸಿ ಹೊಲಿದೆ," ಎಂದಳು ಅಕ್ಕ. "ಮನೆ ಹತ್ತಿ ಉರೀತಿರೋವಾಗ ಇವನಿಗೆ ಪರದೆ ಚಿಂತೆ! ಏಳು, ಊಟ ತಣ್ಣಗಾಗುತ್ತೆ."

ಅವನು ಎದ್ದ.

ದಾರಿಯುದ್ದಕ್ಕೂ ಬುತ್ತಿ ಡಬ್ಬಿ ಮೊಣಕಾಲಿಗೆ ಬಡಿಯುತ್ತಿತ್ತು. ಬಡಿಯಲಿ ಅಂದುಕೊಂಡ. ಇನ್ನೂ ನಾಲ್ಕು ಬಡಿಯಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪು ಅವನದು, ಬರೆ ಭಾವನಿಗೆ.

ಮೇಸ್ತ್ರಿಯ ಮೊದಲ ವರ್ಕ್‌ಶಾಪು ಇದ್ದದ್ದು ಅಕ್ಕನ ಹಿತ್ತಲಿನಲ್ಲಿ. ಅವನು ಕಾರಿನಡಿ ತೂರಿದರೆ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದವಳು ಅಕ್ಕ. ಜಾಗ ಬಿಟ್ಟುಕೊಟ್ಟವನು ಭಾವ, ಮೊದಲ ಗಿರಾಕಿಯನ್ನು ಕೈಹಿಡಿದು ಕರೆತಂದವನೂ ಭಾವ. ಅಂಥ ಮನೆಯ ಉಪ್ಪು ತಿಂದವನು ನಾಲ್ಕು ದಿನ ಬಾಯಿಗೆ ಬೀಗ ಜಡಿದುಕೊಂಡಿದ್ದ.

ಆ ನೀರು ಕೆರೆಯದಲ್ಲ ಎಂದು ಅವನಿಗೆ ಶುಕ್ರವಾರವೇ ಗೊತ್ತಿತ್ತು.

ಹಿಂದಿನ ಮಂಗಳವಾರ ಭಾವ ಆ ಕಾರನ್ನು ಎಸಿ ತೊಳೆಸಲು ತಂದಿದ್ದ. ಕೂಲಿಂಗ್ ಕಾಯಿಲ್ ತೊಳೆಯುವಾಗ ಮೇಸ್ತ್ರಿಯದೊಂದು ಸ್ವಂತ ಪದ್ಧತಿ. ಎಸಿ ಓಡುವಾಗ ಕಾಯಿಲ್ ಬೆವರುತ್ತದೆ, ಆ ನೀರು ಒಂದು ರಬ್ಬರ್ ಕೊಳವೆಯಲ್ಲಿ ಇಳಿದು ಕಾರಿನಡಿ ರಸ್ತೆಗೆ ತೊಟ್ಟಿಕ್ಕುತ್ತದೆ. ಹೆಬ್ಬೆರಳು ಗಾತ್ರದ ಕೊಳವೆ. ಮುಂದಿನ ಚಕ್ರದ ಹಿಂದೆ ಕೈ ಹಾಕಿದರೆ ಸಿಗುತ್ತದೆ, ಗೊತ್ತಿದ್ದವರಿಗೆ. ಅದರ ಬಾಯಿಗೆ ಅವನು ತನ್ನ ಹಳೆಯ ಖಾಕಿ ಅಂಗಿಯಿಂದ ಹರಿದು ಹೊಸೆದ ಬಟ್ಟೆಯ ಬಿರಡೆ ತುರುಕುತ್ತಿದ್ದ. ಮೇಲಿನಿಂದ ನೊರೆ ಹೊಡೆಯುತ್ತಿದ್ದ. ನೊರೆ ಸೋರಿಹೋಗದೆ ಅರ್ಧ ಗಂಟೆ ಒಳಗೇ ನಿಂತು ಕೊಳೆ ಬಿಡಿಸುತ್ತಿತ್ತು. ಆಮೇಲೆ ಬಿರಡೆ ಕಿತ್ತರೆ ದಬದಬನೆ ಕಪ್ಪು ನೀರು.

ಬಿರಡೆ ಒಳಗಿದೆ ಎಂಬ ನೆನಪಿಗೆ ಸ್ಟೀರಿಂಗಿಗೆ ಒಂದು ಕೆಂಪು ದಾರ. ಬಿರಡೆ ಕಿತ್ತ ಮೇಲೆಯೇ ದಾರ ಬಿಚ್ಚಬೇಕು. ಇಪ್ಪತ್ತು ವರ್ಷ ತಪ್ಪದ ನೇಮ.

ಅವತ್ತು ಭಾವ ಆ ದಾರ ನೋಡಿ ನಗೆಯಾಡಿದ. "ಇದೊಂದು ಕಟ್ಟದೆ ಹೋದ್ರೆ ನಿನ್ನ ತಲೆ ಕತ್ತಿನ ಮೇಲಿದೆ ಅನ್ನೋದೂ ಮರೆತುಬಿಡ್ತೀಯ ನೀನು!"

ಕಾದು ಕೂತಿದ್ದ ಗಿರಾಕಿಗಳಿಬ್ಬರು ಕಿಸಕ್ಕೆಂದರು. ಮೇಸ್ತ್ರಿಗೆ ಅಷ್ಟು ಸಾಕಿತ್ತು. ದಾರವನ್ನು ಕಿತ್ತು ಭಾವನ ಮುಖಕ್ಕೆ ಎಸೆದ.

"ತಗೋ ನಿನ್ನ ಕಾರು! ತಗೊಂಡು ತೊಲಗು!"

ಭಾವನಿಗೆ ಅವನು ಏಕವಚನ ಬಳಸಿದ್ದು ಅದೇ ಮೊದಲು. ಭಾವ ಕಾರು ತೆಗೆದುಕೊಂಡು ಹೋದ. ದಾರ ನೆಲದ ಮೇಲಿತ್ತು. ಬಿರಡೆ ಕೊಳವೆಯಲ್ಲೇ ಇತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಅಂಟುವುದಿಲ್ಲ. ಬುಧವಾರ ಬೆಳಿಗ್ಗೆ ತಗಡಿನ ಪೆಟ್ಟಿಗೆ ತೆಗೆದರೆ ಮೂರು ಬಿರಡೆ ಇರಬೇಕಾದ ಕಡೆ ಎರಡಿದ್ದವು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ನಾನ್ಯಾಕೆ ಮೊದಲು ಮಾಡಲಿ, ಕಾರಲ್ಲಿ ನೀರು ತುಂಬಿದಾಗ ಅವನೇ ಬರಲಿ ಎಂದು ಪೆಟ್ಟಿಗೆ ಮುಚ್ಚಿದ್ದ.

ನೀರು ತುಂಬಿತು. ಬಂದವರು ಪೊಲೀಸರು.

*

ಸ್ಟೇಷನ್ನಿನ ಗೇಟಿನಲ್ಲಿ ದಪ್ಪ ಪೇದೆ ಅಡ್ಡ ನಿಂತ.

"ಏನ್ ಮೇಸ್ತ್ರಿ, ನಮ್ಮ ಜೀಪಿಗೂ ಒಂದು ಎಸಿ ಹಾಕಿಕೊಡಬಾರದಾ? ಬೆಂದು ಹೋಗ್ತಿದ್ದೀವಿ."

"ಮೊದಲು ಅದಕ್ಕೆ ಬಾಗಿಲು ಹಾಕಿಸ್ಕೊಳ್ಳಿ."

ಬಾಯಿ ಅಭ್ಯಾಸಬಲದಿಂದ ಆಡಿತು. ಕಣ್ಣು ಮಾತ್ರ ಆಗಲೇ ಕಾರು ಹುಡುಕುತ್ತಿತ್ತು.

ಅಂಗಳದ ಮೂಲೆಯಲ್ಲಿ ತಗಡಿನ ಮಾಡಿನ ಕೆಳಗೆ ಯಜಮಾನರ ಬೂದು ಬಣ್ಣದ ಕಾರು ನಿಂತಿತ್ತು. ನಾಲ್ಕೂ ಬಾಗಿಲು ತೆರೆದಿದ್ದವು. ಪಕ್ಕದ ಸೀಟಿನ ಹತ್ತಿರ ಒಬ್ಬ ಉದ್ದನೆಯ, ಕಡ್ಡಿಯಂಥ ಮನುಷ್ಯ ಕುಕ್ಕರುಗಾಲಲ್ಲಿ ಕೂತು ಕಾರ್ಪೆಟ್ಟಿನ ಅಂಚನ್ನು ಎತ್ತಿ ನೋಡುತ್ತಿದ್ದರು. ಇನ್ಸ್‌ಪೆಕ್ಟರು. ಊರು ಅವರಿಗೆ ಸೂಜಿ ಸಾಹೇಬರು ಎಂದು ಹೆಸರಿಟ್ಟಿತ್ತು. ಕೂಗುವುದಿಲ್ಲ, ಕೈ ಎತ್ತುವುದಿಲ್ಲ. ಚುಚ್ಚುತ್ತಾರೆ. ಚುಚ್ಚಿದ್ದು ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ.

"ಬುತ್ತಿ ಅಲ್ಲಿಡಿ," ಎಂದರು ತಿರುಗದೆ. "ನಿಮ್ಮ ಭಾವ ಬಾಯಿ ತೆಗೀತಿಲ್ಲ. ಮಾತಿಗೂ ಇಲ್ಲ, ಊಟಕ್ಕೂ ಇಲ್ಲ. ನಂಗೆ ಇಬ್ಬರು ಸಿಕ್ಕಿದ್ದಾರೆ ಈ ಕೇಸಲ್ಲಿ. ಒಬ್ಬ ಮಾತೇ ಶುರು ಮಾಡಲ್ಲ. ಇನ್ನೊಬ್ಬ ನಿಲ್ಲಿಸಲ್ಲ."

"ಇನ್ನೊಬ್ಬ ಯಾರು ಸಾಹೇಬ್ರೇ?"

"ಯಜಮಾನರ ಅಳಿಯ. ಕಾರು ಕೆರೆ ಹತ್ರ ಇದೆ ಅಂತ ಬಂದು ಹೇಳಿದ್ದೂ ಅವನೇ, ಇದು ಕೆರೆ ನೀರು ಅಂತ ಮೊದಲು ಬಾಯಿ ಬಿಟ್ಟಿದ್ದೂ ಅವನೇ. ಬನ್ನಿ ಇಲ್ಲಿ. ಕೈ ಕೊಡಿ."

ಮೇಸ್ತ್ರಿಯ ಕೈ ಹಿಡಿದು ಕಾರ್ಪೆಟ್ಟಿನ ಕೆಳಗಿನ ದಪ್ಪ ಫೋಮಿಗೆ ಒತ್ತಿದರು. ನಾಲ್ಕು ದಿನವಾದರೂ ಅದು ತಣ್ಣಗೆ, ಭಾರವಾಗಿ, ಬೆರಳ ಸಂದಿಯಲ್ಲಿ ನೀರು ಬಿಟ್ಟಿತು.

"ಮೂಸಿ ನೋಡಿ."

ಮೂಸಿದ. ಪಾಚಿ ಇಲ್ಲ, ಕೆಸರಿಲ್ಲ. ಒದ್ದೆ ಗೋಣಿಚೀಲವನ್ನು ಮಡಿಸಿಟ್ಟು ಮರೆತ ವಾಸನೆ. ಇಪ್ಪತ್ತು ವರ್ಷದಿಂದ ಮೂಗಿಗೆ ಗೊತ್ತಿದ್ದ ವಾಸನೆ.

"ಇನ್ನೊಂದು," ಎಂದರು ಸಾಹೇಬರು. "ಕೆರೇಲಿ ಮುಳುಗಿ ಎದ್ದು ಬಂದವನು ಕಾರಲ್ಲಿ ಕಾಲು ಮಾತ್ರ ಇಡ್ತಾನಾ? ಕುಂಡೀನ ದಂಡೇಲಿ ಬಿಟ್ಟು ಬರ್ತಾನಾ? ಸೀಟು ಶುಕ್ರವಾರನೇ ಬಿಸಿಲಲ್ಲಿ ಒಣಗಿಸಿದ ಹಾಗಿತ್ತು. ಕಾರ್ಪೆಟ್ಟಿನ ಮೇಲೆ ಒಂದು ಕೆಸರು ಹೆಜ್ಜೆ ಇಲ್ಲ. ಮೇಲುಗಡೆ ತೇವ, ಕೆಳಗೆ ಬಾವಿ. ಇದು ಎಂಥ ನೀರು ಮೇಸ್ತ್ರಿ?"

ಅವರಿಗೆ ಅರ್ಧ ಗೊತ್ತಿದೆ. ಅಂಗಳದಾಚೆ ಕಬ್ಬಿಣದ ಸರಳಿನ ಕಿಟಕಿಯೊಂದಿತ್ತು. ಅದರ ಹಿಂದೆ ಭಾವ ಇದ್ದಾನೆ. ಕೇಳಿಸಿಕೊಳ್ಳುತ್ತಿದ್ದಾನೋ ಏನೋ.

"ಕೆರೇದಲ್ಲ ಸಾಹೇಬ್ರೇ. ಎಸಿ ನೀರು. ಹೊರಗೆ ಹೋಗೋ ಕೊಳವೆ ಕಟ್ಟಿಕೊಂಡ್ರೆ ನೀರು ಕಾಯಿಲ್ ಕೆಳಗಿನ ತಟ್ಟೆ ತುಂಬಿ, ಡ್ಯಾಶ್‌ಬೋರ್ಡ್ ಕೆಳಗಿಂದ ಈ ಕಡೆಗೇ ಇಳಿಯುತ್ತೆ. ಕಾರ್ಪೆಟ್ಟಿನ ಅಡಿಗೆ ಹೋಗಿ ಕೂತ್ಕೊಳ್ಳುತ್ತೆ. ಅದಕ್ಕೇ ಮೇಲೆ ಕಾಣಲ್ಲ."

"ಖಂಡಿತಾನಾ?"

"ಕೀ ಕೊಡಿ, ತೋರಿಸ್ತೀನಿ."

ಎಂಜಿನ್ ಹಾಕಿದ. ಎಸಿಯನ್ನು ಪೂರ್ತಿ ತಣ್ಣಗೆ ಇಟ್ಟ. ಇಬ್ಬರೂ ಬಗ್ಗಿ ಕಾರಿನಡಿಯ ಸಿಮೆಂಟು ನೆಲ ನೋಡುತ್ತ ಕೂತರು. ಐದು ನಿಮಿಷ. ಹತ್ತು ನಿಮಿಷ. ಇಂಥ ಸೆಕೆಗೆ ಅಷ್ಟು ಹೊತ್ತಿಗೆ ನೆಲದ ಮೇಲೆ ಅಂಗೈಯಗಲ ನೀರು ಬಿದ್ದಿರಬೇಕು. ಒಂದು ಹನಿಯೂ ಬೀಳಲಿಲ್ಲ. ಕಾಲು ಗಂಟೆ ಕಳೆದಾಗ ಒಳಗೆ, ಡ್ಯಾಶ್‌ಬೋರ್ಡಿನ ಕೆಳಗೆ, ಟಪ್ ಎಂದಿತು.

ಮತ್ತೆ, ಟಪ್.

ಸೂಜಿ ಸಾಹೇಬರು ಎದ್ದು ನಿಂತು ಫೋನು ತೆಗೆದರು. "ಕೆರೆ ಸಾಕು. ಎಲ್ರೂ ಮೇಲೆ ಬನ್ನಿ. ಹೌದು, ಈಗಲೇ. ಆಸ್ಪತ್ರೆ, ಲಾಡ್ಜು, ಖಾಲಿ ಗೋಡೌನು, ಬೀಗ ಹಾಕಿರೋ ಮನೆ, ಒಂದೂ ಬಿಡಬೇಡಿ." ಫೋನು ಜೇಬಿಗೆ ಹೋಯಿತು. ಆಮೇಲೆ, ಹವಾಮಾನ ವಿಚಾರಿಸುವ ದನಿಯಲ್ಲಿ: "ಕಾರಿನ ವಾಸನೆ ನೋಡದೇನೇ ನಿಮಗಿದು ಗೊತ್ತಿತ್ತು ಅಲ್ವಾ? ಯಾವತ್ತಿಂದ?"

"ಶುಕ್ರವಾರದಿಂದ."

"ಶುಕ್ರವಾರ."

"ಹೂಂ."

"ಯಜಮಾನರು ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಕೋತಿದ್ರು. ಔಷಧಿ ಮನೆಯ ಫ್ರಿಜ್ಜಲ್ಲೇ ಇದೆ. ಕೆರೇಲಿ ಇಲ್ಲ ಅಂದ್ರೆ ಎಲ್ಲೋ ಇದ್ದಾರೆ. ಶುಕ್ರವಾರ ಉಸಿರಾಡ್ತಿದ್ರೋ ಏನೋ. ಶನಿವಾರನೂ ಆಡ್ತಿದ್ರೋ ಏನೋ." ಸಾಹೇಬರು ಅವನ ಮುಖ ನೋಡಿದರು. "ನಂಗೆ ಅನುಮಾನ ಇತ್ತು ಮೇಸ್ತ್ರಿ. ಬರೀ ಅನುಮಾನ ಇಟ್ಕೊಂಡು ಕೆರೆ ಹುಡುಕೋದು ನಿಲ್ಲಿಸಿ ಅಂತ ಮೇಲಿನವರಿಗೆ ಹೇಳೋಕಾಗಲ್ಲ. ಕಸುಬು ಗೊತ್ತಿರೋನು ಒಬ್ಬ ಬಾಯಿ ಬಿಡಬೇಕಿತ್ತು."

ಮೇಸ್ತ್ರಿ ಕಾರಿನ ಬಾಗಿಲು ಹಿಡಿದುಕೊಂಡ. ಭಾವನ ಬಗ್ಗೆ ಯೋಚಿಸಿದ್ದ, ಅಕ್ಕನ ಬಗ್ಗೆ ಯೋಚಿಸಿದ್ದ, ತನ್ನ ಹೆಸರಿನ ಬಗ್ಗೆಯಂತೂ ಮೂರು ಹೊತ್ತೂ ಯೋಚಿಸಿದ್ದ. ಆ 'ಕಾಣೆಯಾದವರು' ಎಲ್ಲೋ ಒಂದು ಕೋಣೆಯಲ್ಲಿ ಬಾಯಾರಿ ಬಿದ್ದಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಪ್ರತಿ ಸಲ ಕಾರು ಬಿಟ್ಟು ಹೋಗುವಾಗ ಎರಡೂ ಕೈ ಮುಗಿಯುತ್ತಿದ್ದ ಮುದುಕ.

"ನಂದು ತಪ್ಪು," ಎಂದ. "ಕೊಳವೆ ತಾನಾಗಿ ಕಟ್ಟಿಕೊಂಡಿದ್ದಲ್ಲ. ನಾನೇ ಕಟ್ಟಿದ್ದು."

ಎಲ್ಲ ಹೇಳಿದ. ನೊರೆ, ಬಿರಡೆ, ಕೆಂಪು ದಾರ, ಗಿರಾಕಿಗಳ ನಗು, ಏಕವಚನ, ಬುಧವಾರ ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡು. ಖಾಕಿ ಬಟ್ಟೆ ಎಂದಾಗ ಸೂಜಿ ಸಾಹೇಬರ ಕೈ ಅಂಗಿಯ ಜೇಬಿನ ಕಡೆ ಹೋಗಿ, ಅಲ್ಲೇ ನಿಂತು, ಕೆಳಗಿಳಿಯಿತು. ಹೇಳುವ ಭರದಲ್ಲಿದ್ದ ಮೇಸ್ತ್ರಿ ಅದನ್ನು ಗಮನಿಸಲಿಲ್ಲ.

"ಖಾಕಿ ಬಟ್ಟೆ," ಎಂದರು ಅವರು ನಿಧಾನಕ್ಕೆ. "ಹೊಸೆದಿದ್ದು. ಗುರುತು ಏನಾದ್ರೂ?"

"ಎಳೆಯೋಕೆ ತಾಮ್ರದ ತಂತಿಯ ಬಾಲ ಇರುತ್ತೆ. ಅಂಥದ್ದು ಬೇರೆ ಯಾರೂ ಮಾಡಲ್ಲ."

"ಇಷ್ಟನ್ನ ಹೇಳೋಕೆ ನಾಲ್ಕು ದಿನ."

"ಇಪ್ಪತ್ತು ವರ್ಷದ ಹೆಸರು ಸಾಹೇಬ್ರೇ."

"ಅದನ್ನ ಆ ಕಿಟಕಿಗೆ ಹೇಳಿ."

ಮೇಸ್ತ್ರಿ ಕಿಟಕಿಯ ಕಡೆ ನೋಡಲಿಲ್ಲ. ಇಂಥ ಮಾತು ಬೇರೆ ಯಾರಾದರೂ ಆಡಿದ್ದರೆ ಸ್ಪ್ಯಾನರು ಗಾಳಿಯಲ್ಲಿ ಹಾರುತ್ತಿತ್ತು. ಇವತ್ತು ಸಿಟ್ಟು ಹುಡುಕಿದರೂ ಸಿಗಲಿಲ್ಲ. ಬದಲಿಗೆ ಎದೆಯಲ್ಲಿ ಏನೋ ಹಗುರಾಯಿತು, ನೊರೆ ನಿಂತ ಕಾಯಿಲ್‌ನಿಂದ ಕಪ್ಪು ನೀರು ಇಳಿದ ಹಾಗೆ. ಆಯಿತು. ಬೈಸಿಕೊಂಡಾಯಿತು. ಇನ್ನು ಆ ಬಿರಡೆ ಕಿತ್ತು ಇವರ ಕೈಗಿಟ್ಟರೆ ಭಾವ ಮನೆಗೆ. ಸಂಜೆ ಅಕ್ಕನ ಮನೆಗೆ ಹೋಗಿ, ಭಾವನ ಮುಂದೆ ನಿಂತು, ಬಹುವಚನದಲ್ಲಿ ತಪ್ಪಾಯಿತು ಅನ್ನಬೇಕು.

"ಕೀಳ್ತೀನಿ. ನಿಮ್ಮ ಕಣ್ಣೆದುರೇ," ಎಂದ.

ಚಕ್ರದ ಹಿಂದೆ ಕೈ ಹಾಕಿದ. ಕೊಳವೆ ಸಿಕ್ಕಿತು. ಬೆರಳು ಅದರ ಬಾಯಿಯ ಸುತ್ತ ಓಡಿತು. ತಂತಿಯ ಬಾಲ ಸಿಗಲಿಲ್ಲ.

ಇನ್ನೊಮ್ಮೆ ತಡವಿದ. ಇಲ್ಲ.

"ಏನು?"

"ಬಾಲ ಒಳಗೆ ಹೋಗಿದೆ. ಅಡಿಗೆ ಹೋಗಬೇಕು."

ಎಂಜಿನ್ ಆರಿಸಿ, ಪೇದೆಯ ಜೀಪಿನಿಂದ ಜಾಕ್ ತರಿಸಿ ಕಾರಿನ ಮೂಗು ಎತ್ತಿದ. ಜಾಕ್ ಒಂದನ್ನೇ ನಂಬದೆ ಎರಡು ಮರದ ದಿಮ್ಮಿ ಇಟ್ಟ. ಇಕ್ಕಳ ಹಲ್ಲಿನಲ್ಲಿ ಕಚ್ಚಿಕೊಂಡು ಬೆನ್ನ ಮೇಲೆ ಜಾರಿ ಒಳಗೆ ಹೋದ. ಪೇದೆ ಹೊರಗಿನಿಂದ, "ಮೇಸ್ತ್ರಿ, ಒಳಗೇ ಒಂದು ನಿದ್ದೆ ತೆಗೆದುಬಿಡಿ, ತಂಪಿರುತ್ತೆ," ಎಂದು ನಕ್ಕ.

ಕೊಳವೆಯ ಬಾಯಿ ಮುಖದ ಮೇಲೆಯೇ ಇತ್ತು. ಒಳಗೆ ಬಟ್ಟೆ ಇದೆ, ಇಕ್ಕಳದ ತುದಿಗೆ ಮೆತ್ತಗೆ ತಾಗಿತು. ಆದರೆ ತಾನು ತುರುಕುವುದು ಎರಡು ಬೆರಳು ಆಳಕ್ಕೆ. ಇದು ಒಂದು ಗೇಣು ಆಳದಲ್ಲಿತ್ತು. ಯಾರೋ ಕಡ್ಡಿ ಹಾಕಿ ದೂಡಿದ ಹಾಗೆ.

ಕಚ್ಚಿ ಎಳೆದ. ಬರಲಿಲ್ಲ. ತಿರುಗಿಸಿ ಎಳೆದ. ಬಂತು.

ತಣ್ಣನೆಯ ನೀರು ದಬಕ್ಕೆಂದು ಅವನ ಕತ್ತಿಗೆ, ಎದೆಗೆ, ಕಿವಿಗೆ ಸುರಿಯಿತು. ಸಾಮಾನ್ಯವಾಗಿ ಈ ಹೊತ್ತಿಗೆ ಮೇಸ್ತ್ರಿ ನಗುತ್ತಾನೆ. ಕೆಲಸ ಆಯಿತು ಎಂಬ ಗುರುತು ಅದು.

ಕಣ್ಣು ಒರೆಸಿಕೊಂಡು ಅಂಗೈ ನೋಡಿದ.

ಖಾಕಿಯಲ್ಲ.

ಹಸಿರು.

ಮುದುಡಿದ್ದ ಬಟ್ಟೆಯನ್ನು ಹೆಬ್ಬೆರಳಿನಿಂದ ಬಿಡಿಸಿದ. ಹಸಿರಿನ ಮೇಲೆ ಎರಡು ಸಣ್ಣ ಬಿಳಿ ಗೀಟು, ಗೀಟಿನ ತುದಿಯಲ್ಲಿ ಮೂರು ಮೂರು ಬೆರಳು. ಹಕ್ಕಿಯ ಕಾಲು.

ಬೆಳಿಗ್ಗೆ ಕಣ್ಣಿಗೆ ಹೊಡೆದ ಬಿಸಿಲು ಮತ್ತೆ ಹೊಡೆದಂತಾಯಿತು. *ತುದೀನ ಇಲಿ ಕಡೀತು. ಕತ್ತರಿಸಿ ಹೊಲಿದೆ.*

ಟಾರ್ಚ್ ಹಿಡಿದು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದವಳಿಗೆ ಕೊಳವೆ ಎಲ್ಲಿರುತ್ತದೆ ಎಂದು ಯಾರು ಹೇಳಿಕೊಡಬೇಕು?

"ಸಾಹೇಬ್ರೇ, ಇವರ ಕನ್ನಡಕ ಮರೆತಿದ್ದೆ, ಅದನ್ನ ಕೊಡೋಕೆ ಬಂದೆ." ಮೇಲಿನಿಂದ ಅಕ್ಕನ ದನಿ ಬಂತು. "ನನ್ನ ತಮ್ಮ ಬಂದಿದ್ನಲ್ಲಾ, ಎಲ್ಲಿ?"

ಕಾರಿನಡಿಯಿಂದ ಅವನಿಗೆ ಕಂಡದ್ದು ಎರಡು ಜೊತೆ ಕಾಲು. ಒಂದು, ಸಾಹೇಬರ ಕಪ್ಪು ಬೂಟು. ಇನ್ನೊಂದು, ಬಾರು ಕಿತ್ತುಹೋದಾಗ ಅವನೇ ತಾಮ್ರದ ತಂತಿ ಹಾಕಿ ಬಿಗಿದುಕೊಟ್ಟಿದ್ದ ಚಪ್ಪಲಿ.

"ಕೆಳಗಿದ್ದಾರೆ," ಎಂದರು ಸೂಜಿ ಸಾಹೇಬರು. "ಬಿರಡೆ ಕೀಳ್ತಿದ್ದಾರೆ."

ಮೇಲೆ ಕನ್ನಡಕದ ಡಬ್ಬಿ ಟಪ್ಪೆಂದು ಮುಚ್ಚಿಕೊಂಡಿತು.

"ಏನು ಬಂತು ಮೇಸ್ತ್ರಿ?"

ನೀರು ಕಿವಿಯೊಳಗೆ ಗುಂಯ್‌ಗುಡುತ್ತಿತ್ತು. ಒಂದು ಸುಳ್ಳನ್ನು ನಾಲ್ಕು ದಿನ ಹೊತ್ತು, ಈಗಷ್ಟೇ ಇಳಿಸಿದ್ದ. ಇಳಿಸಿ ಕಾಲು ಗಂಟೆಯೂ ಆಗಿರಲಿಲ್ಲ. ಬೆನ್ನು ಇನ್ನೂ ಹಗುರಾಗಿಯೇ ಇತ್ತು.

ಮೇಸ್ತ್ರಿ ಮುಷ್ಟಿ ಬಿಗಿದ.

"ನಂದೇ ಸಾಹೇಬ್ರೇ," ಎಂದ. "ನಂದೇ ಖಾಕಿ ಬಟ್ಟೆ."

ಆಮೇಲೆ ಕಪ್ಪು ಬೂಟುಗಳು ಮಡಚಿಕೊಂಡವು. ಸಾಹೇಬರ ಮೊಣಕಾಲು ಕಂಡಿತು, ಕೈ ಕಂಡಿತು. ಜೇಬಿನಿಂದ ತೆಗೆದ ಸಣ್ಣ ಪ್ಲಾಸ್ಟಿಕ್ ಚೀಲವೊಂದನ್ನು ಅವರು ಒದ್ದೆ ಸಿಮೆಂಟಿನ ಮೇಲೆ, ಅವನ ಮುಖದ ಪಕ್ಕ, ಮೆಲ್ಲಗೆ ಇಟ್ಟರು.

ಅದರೊಳಗೆ ಹೆಬ್ಬೆರಳು ಗಾತ್ರದ ಖಾಕಿ ಬಿರಡೆ. ಮಾಸಿದ್ದು, ಒಣಗಿದ್ದು. ತಾಮ್ರದ ತಂತಿಯ ಬಾಲ ಮೊಂಡಾಗಿ ಹೊರಗೆ ಚಾಚಿತ್ತು.

"ಹಂಗಾದ್ರೆ ಇದು ಯಾರದು ಮೇಸ್ತ್ರಿ?" ದನಿ ಎಂದಿನಷ್ಟೇ ಮೆತ್ತಗಿತ್ತು. "ಶುಕ್ರವಾರ ನಿಮ್ಮ ಭಾವನ್ನ ಹಿಡಿದಾಗ ಅವನ ಅಂಗಿ ಜೇಬಲ್ಲಿ ಸಿಕ್ಕಿದ್ದು. ಏನಿದು ಅಂತ ನಾಲ್ಕು ದಿನದಿಂದ ತಲೆ ಕೆಡಿಸ್ಕೊಂಡಿದ್ದೆ. ಈಗಷ್ಟೇ ನೀವೇ ಹೇಳಿದ್ರಿ. ಅಂದ್ರೆ ನಿಮ್ಮ ತಪ್ಪನ್ನ ನಿಮ್ಮ ಭಾವ ಯಾವತ್ತೋ ಕಿತ್ತು ಜೇಬಿಗೆ ಹಾಕ್ಕೊಂಡಿದ್ದಾನೆ. ಅವನ ಬೂಟು ನೆನೆದಿದ್ದೂ ಆಗ ಸುರಿದ ನೀರಿಗೇ ಇರಬೇಕು. ಯಾರಿಗೂ ಹೇಳಿಲ್ಲ, ನಿಮ್ಮ ಹೆಸರು ಕೆಡಿಸಿಲ್ಲ."

ಮೇಸ್ತ್ರಿ ಇನ್ನೊಂದು ಕೈಯಿಂದ, ಚೀಲದ ಮೇಲಿಂದಲೇ, ತಂತಿಯ ಬಾಲ ಮುಟ್ಟಿದ.

"ಆಮೇಲೆ ಇನ್ಯಾರೋ ಬೇಕಂತ್ಲೇ, ಕೆರೆ ನೀರು ಅನ್ನಿಸ್ಲಿ ಅಂತ, ಬೇರೆ ಬಿರಡೆ ತುರುಕಿದ್ದಾರೆ. ಕೊಳವೆ ಎಲ್ಲಿದೆ ಅಂತ ಗೊತ್ತಿದ್ದವರು. ಅದು ಯಾರು ಅಂತ ನಿಮ್ಮ ಭಾವನಿಗೆ ಗೊತ್ತು; ಅದಕ್ಕೇ ಅವನ ಬಾಯಿಗೆ ಬೀಗ. ಈಗ ನಿಮಗೂ ಗೊತ್ತಾದ ಹಾಗಿದೆ." ಸಾಹೇಬರು ಅಂಗೈ ಚಾಚಿದರು. "ಮುಷ್ಟಿ ಬಿಚ್ಚಿ."

ಬೆರಳ ಸಂದಿಯಿಂದ ನೀರು ಒಂದೊಂದೇ ಹನಿಯಾಗಿ ಸಿಮೆಂಟಿನ ಮೇಲೆ ಬೀಳುತ್ತಿತ್ತು. ಮೇಸ್ತ್ರಿ ಮುಷ್ಟಿ ಬಿಚ್ಚಲಿಲ್ಲ. ಸಾಹೇಬರ ಮೊಣಕಾಲಿನಾಚೆ ನೋಡುತ್ತಿದ್ದ.

ಅಲ್ಲಿ ತಾಮ್ರದ ತಂತಿಯ ಚಪ್ಪಲಿಗಳು ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದವು.